ಬಣ್ಣ ಒಣಗುವ ತನಕ ಸುಮ್ನೆ ಕೂರೋದು: ಕೆರೆ ದಂಡೆಯಲ್ಲಿ ಚಿತ್ರ ಬರೆಯುವವರು ಯಾರಿದ್ದೀರಿ?

ಕೆರೆಏರಿ, ಮೈಸೂರು (ಸೋಮವಾರ, ರಾತ್ರಿ 9.10)

ಎಲ್ಲರಿಗೂ ನಮಸ್ಕಾರ. ಒಂದು ಅನುಭವ ಹೇಳಿಕೊಳ್ಳಬೇಕು, ಒಂದೆರಡು ಪ್ರಶ್ನೆ ಕೇಳಬೇಕು. ಸ್ವಲ್ಪ ಉದ್ದ ಆಗುತ್ತೆ.

ನನಗೆ 47 ವರ್ಷ. ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಹೋದ ಶ್ರಾವಣದಲ್ಲಿ ಅಮ್ಮ ತೀರಿಕೊಂಡರು. ಅಲ್ಲಿಂದ ನಿದ್ದೆ ಕೆಟ್ಟಿತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಬೆಳಗಾಗುವವರೆಗೂ ಫ್ಯಾನು ನೋಡುತ್ತಾ ಮಲಗಿರುತ್ತಿದ್ದೆ. ತಂಗಿ ಧ್ಯಾನ ಮಾಡು ಅಂತ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಉಸಿರಿನ ಮೇಲೆ ಗಮನ ಇಡಿ, ಕಣ್ಣು ಮುಚ್ಚಿ ಅನ್ನುತ್ತಿತ್ತು ಅದು. ಕಣ್ಣು ಮುಚ್ಚಿದ ಕೂಡಲೇ ನನಗೆ ಆಸ್ಪತ್ರೆಯ ಕಾರಿಡಾರ್ ಕಾಣಿಸುತ್ತಿತ್ತು. ಆ ಟ್ಯೂಬ್‌ಲೈಟು, ಆ ಸ್ಟೀಲ್ ಕುರ್ಚಿ. ಮೂರು ವಾರ ಪ್ರಯತ್ನಪಟ್ಟು ಬಿಟ್ಟೆ.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಮಗನ ಹಳೆಯ ಶಾಲೆ ಬ್ಯಾಗನ್ನು ಒಗೆಯಲು ತೆಗೆದೆ. ಒಳಗೆ ಕ್ಯಾಮೆಲ್ ಬಣ್ಣದ ಡಬ್ಬಿ ಸಿಕ್ಕಿತು. ಹನ್ನೆರಡು ಬಿಲ್ಲೆ. ಹಳದಿ ಹೆಚ್ಚುಕಮ್ಮಿ ತೀರಿತ್ತು, ಕಂದು ಬಣ್ಣವನ್ನು ಮುಟ್ಟಿಯೇ ಇರಲಿಲ್ಲ. ಅದನ್ನೂ ಒಂದು ಬಾಟಲಿ ನೀರನ್ನೂ ಹಿಡಿದುಕೊಂಡು ಕುಕ್ಕರಹಳ್ಳಿ ಕೆರೆಗೆ ಹೋದೆ. ಅಮ್ಮನಿಗೆ ಆ ಕೆರೆ ಅಂದರೆ ಪ್ರಾಣ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು, ಕುವೆಂಪು ಇಲ್ಲೇ ವಾಕಿಂಗ್ ಬರುತ್ತಿದ್ದರು ಅಂತ ಹೋದಾಗಲೆಲ್ಲ ಹೇಳುತ್ತಿದ್ದರು. ಪ್ರತಿ ಸಲವೂ ಮೊದಲ ಸಲ ಹೇಳುವ ಹಾಗೆ.

ಏರಿಯ ಮೇಲೆ ಒಂದು ಬೆಂಚಿನಲ್ಲಿ ಕೂತೆ. ಎದುರಿಗೆ ನಡುಗಡ್ಡೆಯ ಮರದ ಮೇಲೆ ಹೆಜ್ಜಾರ್ಲೆಗಳು, ಪೆಲಿಕನ್ ಅಂತಾರಲ್ಲ, ಆ ಹಕ್ಕಿಗಳು. ಆಕಾಶಕ್ಕೆ ನೀಲಿ ಬಳಿದೆ. ಅದು ಒಣಗುವ ಮೊದಲೇ ಮರ ಬರೆಯಲು ಹೋದೆ. ಎರಡೂ ಕಲಸಿಕೊಂಡು ರಾಡಿಯಾಯಿತು. ಇನ್ನೊಂದು ಹಾಳೆ ತಗೊಂಡೆ. ಈ ಸಲ ನೀಲಿ ಬಳಿದು ಕಾದೆ.

ನಾನು ಹೇಳಬೇಕು ಅಂತಿರೋದು ಈ ಕಾಯುವ ಹೊತ್ತಿನ ವಿಷಯ. ಬಣ್ಣ ಒಣಗುವಾಗ ಕೈಗೆ ಕೆಲಸ ಇಲ್ಲ. ಫೋನು ಮುಟ್ಟೋಣ ಅಂದರೆ ಬೆರಳೆಲ್ಲ ಬಣ್ಣ. ಎದ್ದು ಹೋಗೋಣ ಅಂದರೆ ಹಾಳೆ ಗಾಳಿಗೆ ಹಾರುತ್ತೆ. ಉಳಿದದ್ದು ನೋಡೋದು ಮಾತ್ರ. ಹಾಗೆ ನೋಡಿದಾಗ ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲ ಸಣ್ಣಗೆ ಅದುರುತ್ತಾ ಇರೋದು ಕಂಡಿತು. ಬಿಸಿಲಿಗೆ ಮೈ ತಂಪು ಮಾಡಿಕೊಳ್ಳಲು ಹಾಗೆ ಮಾಡುತ್ತವೆ ಅಂತ ಆಮೇಲೆ ಓದಿದೆ. ಇಷ್ಟು ವರ್ಷ ಆ ಕೆರೆ ಸುತ್ತಿದ್ದೇನೆ, ಒಂದು ದಿನವೂ ಅದನ್ನು ಕಂಡಿರಲಿಲ್ಲ. ನೀರು ನೀಲಿ ಅಂತ ಬಳಿದಿದ್ದೆನಲ್ಲ, ಅದೂ ನೀಲಿ ಇರಲಿಲ್ಲ. ಕಾಲ ಬಳಿ ಟೀ ಬಣ್ಣ, ನಡುವೆ ಪಾಚಿ ಹಸಿರು, ಆಚೆ ದಡದ ಹತ್ತಿರ ಮಾತ್ರ ಆಕಾಶ.

ಆ ದಿನ ಏಳು ಸಲ ಒಣಗಲು ಬಿಟ್ಟೆ. ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದೆ ಅಂದರೆ ಸುಳ್ಳಾಗುತ್ತೆ. ಮೂರಕ್ಕೆ ಎಚ್ಚರವಾಗಿಯೇ ಆಯಿತು. ಆದರೆ ಕತ್ತಲಲ್ಲಿ ಕಣ್ಣ ಮುಂದೆ ಬಂದದ್ದು ಆ ಹಕ್ಕಿಯ ಗಂಟಲು. ಕಾರಿಡಾರ್ ಅಲ್ಲ.

ಈಗ ನಾಲ್ಕು ತಿಂಗಳಾಯಿತು, ವಾರಕ್ಕೆ ಎರಡು ಬೆಳಿಗ್ಗೆ ಹೋಗುತ್ತೇನೆ. ನಿದ್ದೆ ಎಷ್ಟೋ ಪರವಾಗಿಲ್ಲ. ನನ್ನ ಪ್ರಶ್ನೆಗಳು: ಹಾಳೆ ನೀರು ಬಿದ್ದ ಕೂಡಲೇ ಹಪ್ಪಳದ ಹಾಗೆ ಸುರುಳಿಕೊಳ್ಳುತ್ತೆ, ಏನು ಮಾಡಲಿ? ಆಷಾಢದ ಜಿಟಿಜಿಟಿಯಲ್ಲಿ ಬಣ್ಣ ಒಣಗುವುದೇ ಇಲ್ಲ, ನೀವೆಲ್ಲ ಹೇಗೆ ಮಾಡುತ್ತೀರಿ? ಮತ್ತೆ, ಇದನ್ನೂ ಧ್ಯಾನ ಅನ್ನಬಹುದಾ?

ಒಟ್ಲುಪೈರು, ಮದ್ದೂರು ತಾಲ್ಲೂಕು (ಸೋಮವಾರ, ರಾತ್ರಿ 10.02)

ಮೇಡಂ, ನಿಮ್ಮ ತಾಯಿಯವರ ವಿಷಯ ಓದಿ ಮನಸ್ಸಿಗೆ ನೋವಾಯಿತು. ನಾನು ಹೈಸ್ಕೂಲಿನಲ್ಲಿ 31 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ನಿವೃತ್ತನಾಗಿ ಆರು ವರ್ಷ. ನೀವು ಬರೆದದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ನೀರು ನೀಲಿ ಇರಲಿಲ್ಲ ಅನ್ನೋ ಮಾತು.

ನಮ್ಮ ಮಕ್ಕಳು ಗದ್ದೆ ಬರೆಯಿರಿ ಅಂದರೆ ಡಬ್ಬಿಯ ಹಸಿರನ್ನು ಹಾಗೇ ಎತ್ತಿ ಬಳಿಯುತ್ತಿದ್ದರು. ಮಂಡ್ಯ ಸೀಮೆಯ ಮಕ್ಕಳು, ನಾಲೆ ನೀರಲ್ಲಿ ಈಜು ಕಲಿತವರು, ಒಂದೇ ಹಸಿರು ಬಳಿದರೆ ಹೇಗೆ? ಅದಕ್ಕೆ ನಾನು ಪೀರಿಯಡ್ ಶುರುವಾದಾಗ ಎಲ್ಲರ ಹಸಿರು ಬಿಲ್ಲೆ ಈಸಿಕೊಂಡು ಮೇಜಿನ ಡ್ರಾಯರಿನಲ್ಲಿ ಇಡುತ್ತಿದ್ದೆ. ಬೆಲ್ ಹೊಡೆದ ಮೇಲೆ ವಾಪಸ್. ಹಳದಿ, ನೀಲಿ ಕೂಡಿಸಿಕೊಂಡು ಅವರವರೇ ಹಸಿರು ಮಾಡಿಕೊಳ್ಳಬೇಕು. ಆಮೇಲೆ ಕಿಟಕಿಯಿಂದ ಹೊರಗೆ ನೋಡಲೇಬೇಕಾಗುತ್ತಿತ್ತು.

ಒಟ್ಲಿನ, ಅಂದರೆ ನಾಟಿಗೆ ಮುಂಚೆ ಭತ್ತದ ಸಸಿ ಬೆಳೆಸುವ ಮಡಿಯ ಹಸಿರಿಗೆ ನಿಂಬೆ ಹಳದಿ ಜಾಸ್ತಿ, ನೀಲಿ ಚಿಟಿಕೆಯಷ್ಟು. ಪೈರು ಕಿತ್ತು ನಾಟಿ ಹಾಕಿದ ಮೊದಲ ಕೆಲವು ದಿನ ಅದು ಬಾಡಿ ಹಳದಿಗೆ ತಿರುಗುತ್ತೆ. ಬೇರು ಹಿಡಿದ ಮೇಲೆ ಕಪ್ಪುಹಸಿರು ಕಟ್ಟುತ್ತೆ. ತೆನೆ ಬಗ್ಗುವ ಹೊತ್ತಿಗೆ ಹಸಿರಿನೊಳಗೇ ಕಂದು ಇಳಿಯುತ್ತೆ. ಕಬ್ಬಿನ ಗರಿ ಇದ್ಯಾವುದೂ ಅಲ್ಲ, ಅದರಲ್ಲಿ ಬೂದಿ ಇದೆ. ನಡುನರ ಬಿಳಿ. ಒಂದು ಸಲ ಎಂಟನೇ ಕ್ಲಾಸಿನ ಹುಡುಗಿ ಹೊಸ ನಾಟಿ ಗದ್ದೆ ಬರೆದಿದ್ದಳು, ಹಾಳೆ ತುಂಬ ನೀಲಿ, ಅಲ್ಲಲ್ಲಿ ಹಸಿರು ಗೀಟು. ಯಾಕಮ್ಮ ಅಂದೆ. ‘ಸಾರ್, ನಾಟಿ ಗದ್ದೇಲಿ ಪೈರಿಗಿಂತ ಆಕಾಶ ಜಾಸ್ತಿ ಕಾಣ್ಸುತ್ತೆ’ ಅಂದಳು. ನಿಂತ ನೀರಿನಲ್ಲಿ ಬಿದ್ದ ಆಕಾಶ ಅದು. ದಿನಾ ಅದೇ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಧ್ಯಾನವಾ ಅಂತ ಕೇಳಿದಿರಿ. ನನಗೆ ಶಾಸ್ತ್ರ ಗೊತ್ತಿಲ್ಲ. ಆದರೆ ಆ ಹುಡುಗಿ ನೋಡಿದ ಹಾಗೆ ನೋಡೋದಕ್ಕೆ ಮನಸ್ಸು ಅಲ್ಲೇ ಇರಬೇಕು.

ನೀಲಿಕುಂಚ, ಮೈಸೂರು (ಮಂಗಳವಾರ, ಬೆಳಿಗ್ಗೆ 7.40)

ಚಿತ್ರಕಲೆ ಓದುತ್ತಿದ್ದೇನೆ. ಅಕ್ಕ, ಹಾಳೆ ಸುರುಳಿಕೊಳ್ಳೋದು ಅದು ತೆಳು ಇರುವುದರಿಂದ. 300 ಜಿಎಸ್‌ಎಂ (ಹಾಳೆಯ ದಪ್ಪ ಹೇಳುವ ಲೆಕ್ಕ) ವಾಟರ್‌ಕಲರ್ ಹಾಳೆ ತಗೊಳ್ಳಿ. ದೊಡ್ಡದು ಬೇಡ, ನೋಟ್‌ಬುಕ್ಕಿನ ಅರ್ಧ ಸಾಕು. ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ರಟ್ಟಿಗೆ ಅಂಟಿಸಿ. ಪೂರ್ತಿ ಒಣಗಿದ ಮೇಲೆ ಬಿಡಿಸಿದರೆ ಸಪಾಟಾಗಿರುತ್ತೆ. ಬ್ರಷ್ ಒಂದೇ ಸಾಕು, ಎಂಟನೇ ನಂಬರಿನ ದುಂಡು ಬ್ರಷ್. ಕಪ್ಪು ಬಿಲ್ಲೆ ಬಳಸಬೇಡಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪು ಮಿಶ್ರಿತ ಕಂದು ಸೇರಿಸಿದರೆ ಎಂಥ ಬೂದು ಬರುತ್ತೆ ಗೊತ್ತಾ? ಆಷಾಢದ ಮೋಡ ಅದೇ. ನಿಮ್ಮ ಮಗ ಮುಟ್ಟದೆ ಉಳಿಸಿದ ಕಂದು ಬಣ್ಣ ಅದಕ್ಕೇ ಕಾಯುತ್ತಿದೆ.

ಮಳೆಗಾಲದಲ್ಲಿ ಎರಡು ದಾರಿ. ಒಂದು, ಹಸಿ ಹಾಳೆಯ ಮೇಲೆಯೇ ಬಣ್ಣ ಬಿಟ್ಟು ಅದು ಹರಡುವುದನ್ನು ನೋಡುವುದು. ಮೋಡ, ಮಂಜು, ದೂರದ ಚಾಮುಂಡಿ ಬೆಟ್ಟ ಎಲ್ಲ ಹಾಗೇ ಚೆನ್ನಾಗಿ ಬರುತ್ತೆ. ಇನ್ನೊಂದು, ಬಣ್ಣ ಮನೆಯಲ್ಲಿಟ್ಟು ಪೆನ್ಸಿಲ್ಲೋ ಇದ್ದಿಲೋ ಹಿಡಿದು ಹೋಗುವುದು.

ಜಗನ್ಮೋಹನ ಅರಮನೆಗೆ ಒಂದು ಸಲ ಹೋಗಿ. ದೀಪ ಹಿಡಿದ ಹೆಂಗಸಿನ ಚಿತ್ರ ಎಲ್ಲರೂ ನೋಡಿರುತ್ತೀರಿ. ರವಿವರ್ಮನದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಬರೆದವರು ಎಸ್.ಎಲ್. ಹಲ್ದಣಕರ್. ಅದು ಎಣ್ಣೆ ಬಣ್ಣ ಅಲ್ಲ, ನೀರು ಬಣ್ಣ! ಮುಖದ ಮೇಲೆ ಬೀಳುವ ಬೆಳಕು, ಬೆರಳ ಸಂದಿಯ ಕೆಂಪು, ಎಲ್ಲ ತೆಳು ತೆಳು ಪದರ. ಅದನ್ನು ನೋಡಿದಾಗಲೆಲ್ಲ ಈ ಮನುಷ್ಯ ಎಷ್ಟು ಕಾದಿರಬೇಕು ಅಂತ ಯೋಚಿಸುತ್ತೇನೆ. ನಮ್ಮ ಮೈಸೂರಿನವರೇ ಆದ ಕೆ. ವೆಂಕಟಪ್ಪನವರನ್ನೂ (1886–1965) ನೆನೆಯಬೇಕು. ಆಸ್ಥಾನ ಚಿತ್ರಕಾರರ ಮನೆತನ. ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತರು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಅವರು ಬರೆದ ಊಟಿ, ಕೊಡೈಕೆನಾಲ್ ಚಿತ್ರಗಳಲ್ಲಿ ಮಂಜು ಹೇಗೆ ಕೂತಿದೆ ಅಂತ ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯಲ್ಲಿ ನೋಡಬೇಕು.

ಇನ್ನೊಂದು ಮಾತು. ಬ್ರಷ್ ತೊಳೆದ ನೀರನ್ನು ಕೆರೆಗೆ ಚೆಲ್ಲಬೇಡಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ವಿಷಕಾರಿ ಲೋಹ ಇರುತ್ತವೆ. ಖಾಲಿ ಬಾಟಲಿಯಲ್ಲಿ ತುಂಬಿಕೊಂಡು ಮನೆಗೆ ತನ್ನಿ.

ಮೌನಿ_ಮಂಡ್ಯ (ಮಂಗಳವಾರ, ಮಧ್ಯಾಹ್ನ 1.15)

ಯಾರ ಮನಸ್ಸನ್ನೂ ನೋಯಿಸಲು ಹೇಳುತ್ತಿಲ್ಲ. ನಾನು ಆರು ವರ್ಷದಿಂದ ವಿಪಶ್ಯನ ಎಂಬ ಬೌದ್ಧ ಧ್ಯಾನ ಪದ್ಧತಿಯ ಅಭ್ಯಾಸ ಮಾಡುತ್ತಿದ್ದೇನೆ. ಹತ್ತು ದಿನದ ಶಿಬಿರ ಎರಡು ಸಲ ಆಗಿದೆ. ಚಿತ್ರ ಬರೆಯುವುದು ಒಳ್ಳೆಯದು, ಕೆರೆ ಒಳ್ಳೆಯದು. ಆದರೆ ಅದನ್ನು ಧ್ಯಾನ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಕಾರಿಡಾರ್ ಕಣ್ಣ ಮುಂದೆ ಬಂದರೆ ಬರಲಿ ಅಂತ ಅದರ ಜೊತೆ ಕೂರುವುದು ಧ್ಯಾನ. ಹಕ್ಕಿ ನೋಡುತ್ತಾ ಅದನ್ನು ಮರೆಯುವುದು ವಿಶ್ರಾಂತಿ. ವಿಶ್ರಾಂತಿ ಬೇಕು, ಆದರೆ ಅದು ಬೇರೆ. ಮರೆತದ್ದು ಇನ್ನೊಂದು ದಿನ ಇನ್ನೊಂದು ರೂಪದಲ್ಲಿ ಬರುತ್ತದೆ.

ಕೆರೆಏರಿ, ಮೈಸೂರು (ಮಂಗಳವಾರ, ರಾತ್ರಿ 8.50)

ನೀಲಿಕುಂಚ, ತುಂಬ ಥ್ಯಾಂಕ್ಸ್ ಪುಟ್ಟ. ನೀರಿನ ವಿಷಯ ನನಗೆ ಹೊಳೆದಿರಲಿಲ್ಲ. ಇನ್ನು ಮುಂದೆ ಬಾಟಲಿ ಜೊತೆಗಿರುತ್ತೆ. ಮೇಷ್ಟ್ರೆ, ಆ ಹುಡುಗಿಯ ಮಾತನ್ನು ನನ್ನ ಬಣ್ಣದ ಡಬ್ಬಿಯ ಮುಚ್ಚಳದ ಒಳಗೆ ಬರೆದಿಟ್ಟುಕೊಂಡೆ.

ಮೌನಿ ಅವರೇ, ನಿಮ್ಮ ಮಾತನ್ನು ಇವತ್ತು ಪೂರ್ತಿ ಯೋಚಿಸಿದೆ. ಮೊದಲ ಪೋಸ್ಟಿನಲ್ಲಿ ಒಂದು ವಿಷಯ ಬರೆದಿರಲಿಲ್ಲ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮೋಡ ಕವಿದಿತ್ತು. ನೀರಿಗೆ ಬೂದು ಬಣ್ಣ ಬಳಿದು ಕಾಯುತ್ತಿದ್ದೆ. ಆಗ ಆ ಕಾರಿಡಾರ್ ಬಂತು. ಕೆರೆಯ ದಂಡೆಯಲ್ಲಿ, ಕಣ್ಣು ತೆರೆದಿರುವಾಗಲೇ. ಅಮ್ಮ ಕೊನೆಯ ದಿನ ನೀರು ಕೇಳಿದ್ದರು, ಆಸ್ಪತ್ರೆಯವರು ಕೊಡಬಾರದು ಅಂದಿದ್ದರು, ನಾನು ಹತ್ತಿಯಲ್ಲಿ ತುಟಿ ಒದ್ದೆ ಮಾಡಿದ್ದೆ. ಅದೆಲ್ಲ ಬಂತು. ಅಲ್ಲೇ ಕೂತು ಅತ್ತೆ. ಎದ್ದು ಹೋಗಲಿಲ್ಲ, ಯಾಕಂದರೆ ಹಾಳೆ ಹಸಿ ಇತ್ತು. ಸುಮಾರು ಹೊತ್ತಿನ ಮೇಲೆ ಮುಟ್ಟಿ ನೋಡಿದೆ, ಒಣಗಿತ್ತು. ಮುಂದಿನ ಪದರ ಹಾಕಿದೆ.

ಮನೆಯಲ್ಲಿ ಕಣ್ಣು ಮುಚ್ಚಿ ಕೂತಾಗ ಅದು ಬಂದರೆ ನಾನು ಓಡಿಹೋಗುತ್ತಿದ್ದೆ. ಇಲ್ಲಿ ಓಡಲಿಲ್ಲ. ಅದಕ್ಕೆ ಏನು ಹೆಸರಿಡಬೇಕೋ ನನಗೆ ಗೊತ್ತಿಲ್ಲ. ಆದರೆ ಮರೆತದ್ದಂತೂ ಅಲ್ಲ.

ಆಪ್ತಮಾತು, ಮೈಸೂರು (ಮಂಗಳವಾರ, ರಾತ್ರಿ 10.30)

ನಾನು ಆಪ್ತ ಸಮಾಲೋಚಕಿ. ಈ ಚರ್ಚೆಯಲ್ಲಿ ಇಬ್ಬರ ಮಾತಿನಲ್ಲೂ ಹುರುಳಿದೆ.

ಈಗ ಎಲ್ಲರೂ ಮೈಂಡ್‌ಫುಲ್‌ನೆಸ್ ಅನ್ನುವುದರ ಬೇರು ಬೌದ್ಧರ ‘ಸತಿ’ಯಲ್ಲಿದೆ. ಸಂಸ್ಕೃತದ ‘ಸ್ಮೃತಿ’ಗೆ ಪಾಲಿಯ ರೂಪ ಅದು. ನಮ್ಮ ಮಾತಿನಲ್ಲಿ ಎಚ್ಚರ, ಅರಿವು ಅನ್ನಬಹುದು. ಅದನ್ನು ಆಸ್ಪತ್ರೆಗೆ ತಂದವರಲ್ಲಿ ಮುಖ್ಯರು ಅಮೆರಿಕದ ಜಾನ್ ಕಬಾಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಬಹಳ ಕಾಲದಿಂದ ನೋವು ತಿನ್ನುತ್ತಿದ್ದವರಿಗೆ ಎಂಟು ವಾರದ ತರಬೇತಿ ಶುರು ಮಾಡಿದರು. ಅದರಲ್ಲಿ ಒಂದು ಒಣದ್ರಾಕ್ಷಿಯನ್ನು ಹಿಡಿದು, ನೋಡಿ, ಮೂಸಿ, ನಿಧಾನವಾಗಿ ತಿನ್ನುವ ಅಭ್ಯಾಸವೂ ಇದೆ. ಕಣ್ಣು ಮುಚ್ಚುವುದೊಂದೇ ದಾರಿ ಅಂತ ಅಲ್ಲಿಯೂ ಇಲ್ಲ. ದುಃಖ ಅಥವಾ ಆಘಾತ ಹಸಿಯಾಗಿರುವ ಕೆಲವರಿಗೆ ಕಣ್ಣು ಮುಚ್ಚಿ ಒಳಗೆ ನೋಡುವುದು ಹಿಂಸೆಯಾಗುತ್ತದೆ. ಅಂಥವರಿಗೆ ನಾವೇ ಕಣ್ಣು ತೆರೆದು, ಹೊರಗಿನ ಒಂದು ವಸ್ತುವಿನ ಮೇಲೆ ಗಮನ ಇಡಿ ಅನ್ನುತ್ತೇವೆ. ಕೆರೆಏರಿ ಅವರು ತಾವಾಗಿಯೇ ಆ ದಾರಿ ಹಿಡಿದಿದ್ದಾರೆ.

ಚಿತ್ರದ ಬಗ್ಗೆ 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಬಂತು. 39 ಜನರಿಗೆ 45 ನಿಮಿಷ ತಮಗಿಷ್ಟ ಬಂದ ಹಾಗೆ ಕಲೆಯ ಕೆಲಸ ಮಾಡಲು ಬಿಟ್ಟರು. ಮೊದಲು ಮತ್ತು ಆಮೇಲೆ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅಳೆದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲೇ ಚಿತ್ರ ಬರುತ್ತಿದ್ದವರಿಗೂ ಬಾರದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸಣ್ಣ ಗುಂಪು, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ, ಹಾಗಾಗಿ ಇದನ್ನೇ ಕೊನೆಯ ಮಾತು ಅನ್ನಬಾರದು. ಹೊರಗೆ ಕಳೆಯುವ ಹೊತ್ತಿನ ಬಗ್ಗೆ 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ ಅಧ್ಯಯನ ಇದೆ. ವಾರಕ್ಕೆ ಒಟ್ಟು 120 ನಿಮಿಷವಾದರೂ ಗಿಡಮರಗಳ ನಡುವೆ ಇದ್ದವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಅಂತ ಹೇಳಿಕೊಂಡದ್ದು ಜಾಸ್ತಿ. ಒಂದೇ ಸಲ ಹೋದರೂ ಸರಿ, ನಾಲ್ಕು ಸಲ ಬಿಡಿಬಿಡಿಯಾಗಿ ಹೋದರೂ ಸರಿ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ನಿದ್ದೆ ಇಲ್ಲದೆ ವಾರಗಟ್ಟಲೆ ಕಳೆದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಬಣ್ಣದ ಡಬ್ಬಿಯೊಂದನ್ನೇ ನಂಬಬೇಡಿ. ವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೊಂಗೆನೆರಳು, ಮೈಸೂರು (ಬುಧವಾರ, ಬೆಳಿಗ್ಗೆ 6.20)

ನನ್ನದು ಉಲ್ಟಾ ಕಥೆ. ಹೇಳಿಕೊಂಡರೆ ಯಾರಿಗಾದರೂ ಉಪಯೋಗ ಆಗಬಹುದು.

ಮೂರು ವರ್ಷದ ಕೆಳಗೆ ನಾನೂ ಹೀಗೇ ಶುರು ಮಾಡಿದೆ. ಕೆಲಸದ ಒತ್ತಡ, ಎದೆ ಹಿಡಿದ ಹಾಗೆ ಆಗುತ್ತಿತ್ತು. ಶನಿವಾರ ಲಿಂಗಾಂಬುಧಿ ಕೆರೆಗೆ ಹೋಗಿ ಹೊಂಗೆ ಮರದ ಕೆಳಗೆ ಕೂತು ಬರೆಯುತ್ತಿದ್ದೆ. ಆರು ತಿಂಗಳು ಸ್ವರ್ಗ. ಆಮೇಲೆ ಒಂದು ಚಿತ್ರವನ್ನು ಇನ್‌ಸ್ಟಾಗ್ರಾಂಗೆ ಹಾಕಿದೆ. ಜನ ಮೆಚ್ಚಿದರು. ಮುಂದಿನ ವಾರ ಬರೆಯುವಾಗಲೇ ಇದು ಹೇಗೆ ಕಾಣುತ್ತೆ ಅಂತ ಯೋಚನೆ ಬಂತು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವಿಡಿಯೋ ಮಾಡತೊಡಗಿದೆ. ಬಣ್ಣ ಒಣಗುವ ಭಾಗವನ್ನು ಕತ್ತರಿಸಿ ತೆಗೆಯುತ್ತಿದ್ದೆ, ಯಾರೂ ನೋಡುವುದಿಲ್ಲ ಅಂತ. ಬೇಗ ಒಣಗಲಿ ಅಂತ ಬ್ಯಾಟರಿ ಫ್ಯಾನು ಹಿಡಿಯುತ್ತಿದ್ದೆ. ನಿಮ್ಮ ಪೋಸ್ಟು ಓದಿದಾಗ ಗೊತ್ತಾಯಿತು, ನಾನು ಕತ್ತರಿಸಿ ಎಸೆದದ್ದೇ ಅದು.

ಒಂದು ದಿನ ಬರೆದ ಚಿತ್ರ ಜನ ಜಾಸ್ತಿ ನೋಡಲಿಲ್ಲ. ಆ ರಾತ್ರಿ ಮತ್ತೆ ಎದೆ ಹಿಡಿಯಿತು. ಬ್ರಷ್ ಮುಟ್ಟದೆ ಈಗ ಒಂದು ವರ್ಷ. ಮತ್ತೆ ಶುರು ಮಾಡಬೇಕು ಅಂತ ಆಸೆ ಇದೆ. ಆದರೆ ಹಾಳೆ ಮುಂದೆ ಕೂತರೆ ಯಾರೋ ಹೆಗಲ ಹಿಂದೆ ನಿಂತು ನೋಡುತ್ತಿರುವ ಹಾಗೆ ಅನ್ನಿಸುತ್ತೆ.

ಒಟ್ಲುಪೈರು, ಮದ್ದೂರು ತಾಲ್ಲೂಕು (ಬುಧವಾರ, ಬೆಳಿಗ್ಗೆ 8.05)

ಹೊಂಗೆನೆರಳು ಅವರೇ, ನಿಮ್ಮ ಪೋಸ್ಟು ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಮಕ್ಕಳ ಡ್ರಾಯಿಂಗಿಗೆ ನಾನೂ ಅಂಕ ಹಾಕುತ್ತಿದ್ದವನೇ. ಅಂಕ ಹಾಕಿದ ಮೇಲೆ ಎಷ್ಟು ಮಕ್ಕಳ ಕೈ ಬಿಗಿಯಾಯಿತೋ ಅಂತ ಈಗ ಕೊರಗು ಇದೆ.

ಒಂದು ಉಪಾಯ ಹೇಳಲೇ? ಬಣ್ಣ ಬಿಡಿ. ಇದ್ದಿಲಿನಲ್ಲಿ ಶುರು ಮಾಡಿ. ಹುಣಸೆಯ ಸಣ್ಣ ಕಡ್ಡಿಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು, ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಕೆಂಡದಲ್ಲಿ ಇಡಿ. ಹೊಗೆ ನಿಂತ ಮೇಲೆ ತೆಗೆದು ಆರಲು ಬಿಡಿ. ಗಾಳಿ ಹೊಕ್ಕರೆ ಬೂದಿಯಾಗುತ್ತೆ, ಹೊಕ್ಕದಿದ್ದರೆ ಬರೆಯುವ ಇದ್ದಿಲಾಗುತ್ತೆ. ಹುಣಸೆ ಇದ್ದಿಲಿನ ಗೆರೆ ಮೆತ್ತಗೆ, ಒಂದು ಸಲ ಊದಿದರೆ ಅರ್ಧ ಹೋಗುತ್ತೆ. ಹಾಗಾಗಿ ಅದನ್ನು ಯಾರಿಗೂ ತೋರಿಸುವ ಮಾತೇ ಬರುವುದಿಲ್ಲ. ಬರೆದು, ಬಟ್ಟೆಯಲ್ಲಿ ಒರೆಸಿ, ಅದೇ ಹಾಳೆಯಲ್ಲಿ ಮತ್ತೆ ಬರೆಯಿರಿ.

ಹುಣಸೆ ಅಂದಾಗ ನೆನಪಾಯಿತು. ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಚಳಿಗಾಲ ಮುಗಿಯುವಾಗ ಬನ್ನಿ. ಊರ ನಡುವಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಮನೆಯ ಮುಂದಿನ ಮರ, ಕೆಳಗೆ ದನ ಕಟ್ಟಿರುತ್ತಾರೆ, ಮೇಲೆ ಮರಿಗಳ ಗಲಾಟೆ. ಹಕ್ಕಿ ಇರುವಾಗ ಆ ಮರದ ಹುಣಸೆಹಣ್ಣಿನ ಆಸೆಯನ್ನು ಊರಿನವರು ಬಿಡುತ್ತಾರೆ. ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ ಅವುಗಳನ್ನು. ಅಲ್ಲಿ ಜಗಲಿಯ ಮೇಲೆ ಕೂತು ಬರೆದರೆ ಹಿಂದೆ ಹತ್ತು ಮಕ್ಕಳು ನಿಂತು ನೋಡುತ್ತಾರೆ. ಆದರೆ ಆ ನೋಟಕ್ಕೆ ಲೈಕಿನ ಲೆಕ್ಕ ಇಲ್ಲ. ‘ಕಾಲು ಉದ್ದ ಆಯ್ತು’ ಅಂತ ಬಾಯಿಬಿಟ್ಟು ಹೇಳುತ್ತಾರೆ, ಅಷ್ಟೇ.

ಚಿನ್ನದರೇಕು, ಮೈಸೂರು (ಬುಧವಾರ, ಮಧ್ಯಾಹ್ನ 3.30)

ಮೇಷ್ಟ್ರು ಹುಣಸೆ ಇದ್ದಿಲು ಅಂದದ್ದು ಓದಿ ಬರೆಯಲೇಬೇಕು ಅನ್ನಿಸಿತು. ನಾನು ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರ ಮಾಡುತ್ತೇನೆ. ಹಳೆಯ ಕಾಲದಲ್ಲಿ ನಮ್ಮ ಶೈಲಿಯ ಮೊದಲ ಗೆರೆ ಎಳೆಯುತ್ತಿದ್ದದ್ದೇ ಹುಣಸೆ ಕಡ್ಡಿಯ ಇದ್ದಿಲಿನಲ್ಲಿ.

ನನ್ನ ಕಷ್ಟ ಬೇರೆ. ಅತ್ತೆ ಹಾಸಿಗೆ ಹಿಡಿದು ಎರಡು ವರ್ಷ. ಕೆರೆ, ಬೆಟ್ಟ ಅಂತ ಹೋಗುವ ಹಾಗಿಲ್ಲ. ಒಂದು ಗಂಟೆ ಬಿಟ್ಟು ಹೋಗಲೂ ಭಯ. ನಿಮ್ಮೆಲ್ಲರ ಮಾತು ಓದುವಾಗ ಖುಷಿಯೂ ಆಯಿತು, ಸ್ವಲ್ಪ ಸಂಕಟವೂ ಆಯಿತು. ಹೊರಗೆ ಹೋಗಲಾಗದವರು ಏನು ಮಾಡಬೇಕು?

ಆದರೆ ಕಾಯುವ ವಿಷಯದಲ್ಲಿ ಕೆರೆಏರಿ ಅವರ ಮಾತು ನಮ್ಮ ಕೆಲಸಕ್ಕೆ ಅಕ್ಷರಕ್ಷರ ಹೊಂದುತ್ತೆ. ಒಡವೆ, ಕಿರೀಟ, ಸೀರೆ ಅಂಚು ಇವಕ್ಕೆ ಬಿಳಿ ಪುಡಿ, ಅಂಟು ಕಲಸಿ ಗೆಸ್ಸೋ ಮಾಡಿ ಉಬ್ಬು ಕೆಲಸ ಮಾಡುತ್ತೇವೆ. ತಂಜಾವೂರು ಶೈಲಿಯ ಚಿತ್ರದ್ದಕ್ಕಿಂತ ತುಂಬ ತೆಳು, ಬೆರಳಾಡಿಸಿದರೆ ಗೊತ್ತಾಗಬೇಕು ಅಷ್ಟೇ. ಅದು ಒಣಗುವ ತನಕ ಚಿನ್ನದ ಹತ್ತಿರ ಹೋಗುವ ಹಾಗಿಲ್ಲ. ಆಮೇಲೆ ಚಿನ್ನದ ರೇಕು, ಅಂದರೆ ತೆಳು ಚಿನ್ನದ ಹಾಳೆ, ಅಂಟಿಸುವಾಗ ಫ್ಯಾನು ಆರಿಸಬೇಕು. ಕಿಟಕಿ ಮುಚ್ಚಬೇಕು. ರೇಕು ಎತ್ತುವ ಆ ಒಂದು ಗಳಿಗೆ ಉಸಿರು ಬಿಟ್ಟರೂ ಅದು ಮಡಿಚಿಕೊಂಡು ಹೋಗುತ್ತೆ. ಯಾರೂ ಹೇಳಿಕೊಡದೆ ಉಸಿರಿನ ಮೇಲೆ ಗಮನ ಬರುತ್ತೆ. ನಮ್ಮತ್ತೆಗೆ ಒಳಗಿನ ರೂಮಿನಲ್ಲೇ ಗೊತ್ತಾಗುತ್ತೆ. ‘ಫ್ಯಾನು ನಿಂತಿತು, ಚಿನ್ನ ಇಡ್ತಾ ಇದೀಯಾ?’ ಅಂತಾರೆ. ಆಮೇಲೆ ನಾನು ‘ಆಯ್ತು ಅತ್ತೆ’ ಅನ್ನುವವರೆಗೂ ನೀರು ಬೇಕಿದ್ದರೂ ಕರೆಯುವುದಿಲ್ಲ. ಅವರೂ ನನ್ನ ಜೊತೆ ಕಾಯುತ್ತಾರೆ.

ಕೆರೆಏರಿ, ಮೈಸೂರು (ಬುಧವಾರ, ರಾತ್ರಿ 9.15)

ಚಿನ್ನದರೇಕು ಅವರೇ, ಕೊನೆಯ ಸಾಲು ಓದಿ ಕಣ್ಣು ತುಂಬಿ ಬಂತು. ಅಮ್ಮ ಹಾಸಿಗೆಯಲ್ಲಿದ್ದಾಗ ನಾನು ಅವರ ಎದುರು ಬರೀ ಫೋನು ನೋಡುತ್ತಾ ಕೂತಿದ್ದೆ. ಆಗ ಈ ಡಬ್ಬಿ ಬ್ಯಾಗಿನಲ್ಲೇ ಇತ್ತು.

ನಿಮ್ಮತ್ತೆಯ ಕಿಟಕಿಯಿಂದ ಏನು ಕಾಣುತ್ತೆ?

ಚಿನ್ನದರೇಕು, ಮೈಸೂರು (ಬುಧವಾರ, ರಾತ್ರಿ 9.40)

ಪಕ್ಕದ ಮನೆಯ ನುಗ್ಗೆ ಮರ. ಅಳಿಲು ಬರುತ್ತೆ. ದಿನಾ ಎಷ್ಟು ಸಲ ಬಂತು ಅಂತ ಅವರು ಎಣಿಸುತ್ತಾರೆ. ನಾಳೆ ಬಣ್ಣವನ್ನು ಆ ರೂಮಿಗೇ ತಗೊಂಡು ಹೋಗುತ್ತೇನೆ. ಚಿನ್ನ ಬೇಡ, ಗೆಸ್ಸೋ ಬೇಡ, ಬರೀ ನುಗ್ಗೆ ಸೊಪ್ಪು.

ಮೌನಿ_ಮಂಡ್ಯ (ಗುರುವಾರ, ಬೆಳಿಗ್ಗೆ 5.50)

ಕೆರೆಏರಿ ಅವರೇ, ಮೇ ತಿಂಗಳ ಬೆಳಿಗ್ಗೆಯ ಬಗ್ಗೆ ಬರೆದದ್ದಕ್ಕೆ ಧನ್ಯವಾದ. ಅದು ಮರೆಯುವುದಲ್ಲ, ಒಪ್ಪುತ್ತೇನೆ. ಎಲ್ಲ ಚಿತ್ರವೂ ಧ್ಯಾನ ಅನ್ನುವುದನ್ನು ಈಗಲೂ ಒಪ್ಪುವುದಿಲ್ಲ. ಹೊಂಗೆನೆರಳು ಅವರ ಕಥೆಯೇ ಅದಕ್ಕೆ ಸಾಕ್ಷಿ. ಅದೇ ಕೆರೆ, ಅದೇ ಬಣ್ಣ, ಆದರೆ ಮನಸ್ಸು ಬೇರೆ ಕಡೆ. ಹಾಗೆ ನೋಡಿದರೆ ಮೂಗಿನ ತುದಿ ನೋಡುತ್ತಾ ಕೂತು ಊಟದ ಯೋಚನೆ ಮಾಡುವ ನಾನೂ ಬಹಳ ದಿನ ಧ್ಯಾನ ಮಾಡಿಲ್ಲ.

ನೀಲಿಕುಂಚ, ಮೈಸೂರು (ಗುರುವಾರ, ಸಂಜೆ 6.30)

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿಯಲ್ಲಿ ಸೇರೋಣವಾ? ಕಾರಂಜಿ ಕೆರೆಯೂ ಚೆನ್ನಾಗಿದೆ, ಆದರೆ ಅಲ್ಲಿ ಟಿಕೆಟ್ ಇದೆ. ಬೆಳಿಗ್ಗೆ ಬೇಗ ಬರೆಯಲು ಕುಕ್ಕರಹಳ್ಳಿಯೇ ವಾಸಿ. ಟೇಪು, ಹಾಳೆ ನಾನು ಜಾಸ್ತಿ ತರುತ್ತೇನೆ.

ಕೆರೆಏರಿ, ಮೈಸೂರು (ಗುರುವಾರ, ರಾತ್ರಿ 8.00)

ಸೇರೋಣ. ಆರೂವರೆಗೆ, ಏರಿಯ ಮೇಲೆ. ಹಿಡಿಯಲು ಕೊಡೆ, ಕೂರಲು ಪ್ಲಾಸ್ಟಿಕ್ ಹಾಳೆ ತನ್ನಿ. ಬರೆಯುವಾಗ ಮಾತು ಬೇಡ, ಮುಗಿದ ಮೇಲೆ ಕಾಫಿ ಕುಡಿಯುತ್ತಾ ಮಾತಾಡೋಣ. ಬರೆದದ್ದನ್ನು ತೋರಿಸಲೇಬೇಕು ಅಂತಿಲ್ಲ.

ಹೊಂಗೆನೆರಳು, ಮೈಸೂರು (ಗುರುವಾರ, ರಾತ್ರಿ 11.10)

ಬರುತ್ತೇನೆ. ಫೋನು ಗಾಡಿಯ ಡಿಕ್ಕಿಯಲ್ಲಿರುತ್ತೆ.

ಕೆರೆಏರಿ, ಮೈಸೂರು (ಭಾನುವಾರ, ಮಧ್ಯಾಹ್ನ 1.30)

ನಾಲ್ಕು ಜನ ಸೇರಿದ್ದೆವು. ಮೇಷ್ಟ್ರು ಮ‌ದ್ದೂರಿನಿಂದ ಮೊದಲ ಬಸ್ಸಿಗೇ ಬಂದಿದ್ದರು, ಹುಣಸೆ ಇದ್ದಿಲನ್ನು ಪೇಪರಿನಲ್ಲಿ ಸುತ್ತಿಕೊಂಡು. ಅರ್ಧ ಗಂಟೆಯಲ್ಲೇ ಜಿಟಿಜಿಟಿ ಹಿಡಿಯಿತು. ಕೊಡೆ ಬಿಚ್ಚಿ ಕೂತೆವು. ಬೆಟ್ಟ ಕಾಣಲಿಲ್ಲ, ಆಚೆ ದಡವೂ ಕಾಣಲಿಲ್ಲ. ಹಾಳೆ ಟೇಪಿನಿಂದ ಸಪಾಟಾಗಿತ್ತು, ನೀಲಿಗೆ ಕಂದು ಸೇರಿಸಿ ಬೂದು ಮಾಡಿಕೊಂಡೆ. ಪುಟ್ಟ ಹೇಳಿದ್ದು ನಿಜ, ಆ ಮೋಡದ್ದೇ ಬಣ್ಣ. ಒಂದೇ ಒಂದು ಪದರ ಹಾಕಿದೆ. ಒಣಗಲಿಲ್ಲ. ಮುಕ್ಕಾಲು ಗಂಟೆ ಅದರ ಮುಂದೆ ಕೂತಿದ್ದೆ. ನೀರುಕಾಗೆಯೊಂದು ಮುಳುಗಿ ಏಳುತ್ತಿತ್ತು, ಪ್ರತಿ ಸಲ ಬೇರೆ ಜಾಗದಲ್ಲಿ. ಹೊಂಗೆನೆರಳು ಅವರು ಅದನ್ನೇ ಇದ್ದಿಲಿನಲ್ಲಿ ಬರೆಯುತ್ತಿದ್ದರು, ಒರೆಸುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ಅವರ ಅಂಗೈ ಪೂರ್ತಿ ಕಪ್ಪು.

ಹಾಳೆಯನ್ನು ಎರಡು ಕೈಯಲ್ಲಿ ಮಲಗಿಸಿ ಹಿಡಿದುಕೊಂಡು ಮನೆಗೆ ಬಂದೆ. ಈಗ ಊಟದ ಮೇಜಿನ ಮೇಲಿದೆ, ಒಂದು ಅಂಚು ಇನ್ನೂ ಹಸಿ. ಮಗ ಊಟಕ್ಕೆ ತಟ್ಟೆ ಎಲ್ಲಿಡಲಿ ಅಂತ ಕೇಳುತ್ತಿದ್ದಾನೆ. ಮರವನ್ನು ಮುಂದಿನ ಭಾನುವಾರ ಬರೆಯುತ್ತೇನೆ.